ಹಸಿರು ಸಾಬೂನು

"ಬಾಯಿ ತೆಗಿಯೇ. ಮೂಸಿ ನೋಡ್ಬೇಕು."

ಕೀತ್ ತನ್ನ ಮೂಗನ್ನು ಅವಳ ತುಟಿಯವರೆಗೂ ತಂದ. ಅವನು ಶಾಲೆಯ ಅಡುಗೆಮನೆಯ ಮೇಲ್ವಿಚಾರಕ. ಲೊರೇನ್ ಮಕ್ಕಳಿಗೆ ಬಡಿಸುವವಳು. ಅವಳ ಕೈಯಿಂದ ಜಾರಿದ ತಟ್ಟೆಗಳ ಚೂರುಗಳು ಇಬ್ಬರ ಕಾಲ ಬಳಿ ಬಿದ್ದಿದ್ದವು.

"ಕೈ ನಡುಗ್ತಿದೆ, ನಾಲಿಗೆ ತೊದಲ್ತಿದೆ, ಬೆವರು ಬೇರೆ. ಹಗಲು ಹೊತ್ತಲ್ಲೇ ಏರಿಸ್ಕೊಂಡು ಬಂದಿದೀಯ."

"ಕುಡಿದಿಲ್ಲ ಸಾರ್. ಸಕ್ಕರೆ ಕಾಯ್ಲೆ... ಶುಗರ್ ಇಳಿದ್ಬಿಟ್ಟಿದೆ. ಒಂಚೂರು ಏನಾದ್ರೂ ತಿಂದ್ರೆ..."

"ಎಲ್ಲ ಕುಡುಕ್ರಿಗೂ ಒಂದು ಕಾಯ್ಲೆ ಇರತ್ತೆ."

ಪಾತ್ರೆ ತಿಕ್ಕುತ್ತಿದ್ದ ಬೆರಿಲ್ ತಿರುಗದೆಯೇ ಗೊಣಗಿದಳು. "ಕುಡಿಯೋಕೆ ಕಾಸಿದ್ದಿದ್ರೆ ತಿಂದೇ ಬರ್ತಿದ್ಲಲ್ಲೋ, ಬೋಳಿಮಗನೇ." ನಲ್ಲಿಯ ಸದ್ದಿನಲ್ಲಿ ಅದು ಲೊರೇನಳಿಗೆ ಮಾತ್ರ ಕೇಳಿಸಿತು.

ಮನೆಯಲ್ಲಿ ಉಳಿದಿದ್ದ ಬ್ರೆಡ್ಡನ್ನು ಅವಳು ಬೆಳಿಗ್ಗೆ ಮಗಳ ತಟ್ಟೆಗೆ ಹಾಕಿದ್ದಳು. ಮಗಳು ಗಟ್ಟಿ ಅಂಚುಗಳನ್ನು ಬಿಟ್ಟು ಎದ್ದಾಗ ಲೊರೇನ್ ಕಿರುಚಿದ್ದಳು, ತನ್ನ ದನಿಗೆ ತಾನೇ ಹೆದರುವಷ್ಟು. ಹುಡುಗಿ ಅಳುತ್ತಲೇ ಹೊರಟುಹೋಗಿದ್ದಳು. ಆ ಅಂಚುಗಳನ್ನಾದರೂ ತಿನ್ನಬಹುದಿತ್ತು. ಸಿಟ್ಟಿನಲ್ಲಿ ಅವನ್ನೂ ಕಸಕ್ಕೆಸೆದಿದ್ದಳು. ಏನೂ ತಿನ್ನದಿದ್ದರೂ ಇನ್ಸುಲಿನ್ ಮಾತ್ರ ಅಭ್ಯಾಸಬಲದಿಂದ ಚುಚ್ಚಿಕೊಂಡಿದ್ದಳು. ಈಚೆಗೆ ಹೀಗೇ. ನಿದ್ದೆ ಬರುವುದಿಲ್ಲ, ಮಾಡಿದ್ದು ನೆನಪಿರುವುದಿಲ್ಲ, ಸುಮ್ಮನೆ ಕೂತವಳ ಕಣ್ಣಲ್ಲಿ ನೀರು ಬರುತ್ತದೆ. ಮೀನು ಕಾರ್ಖಾನೆ ಬಿಟ್ಟ ಮೇಲೆ ಗ್ರಿಮ್ಸ್‌ಬಿ ಊರೆಲ್ಲ ಅಲೆದು ಸಿಕ್ಕಿದ್ದು ಈ ಒಂದು ಕೆಲಸ.

ಮೇಜಿನ ಮೇಲೆ ಮಕ್ಕಳಿಗೆ ಬಡಿಸಿದ ಮಾಂಸದ ಪೈ ಅರ್ಧ ತಟ್ಟೆ ಉಳಿದಿತ್ತು. ಮಾಂಸದ ಮೇಲೆ ಹರಡಿದ್ದ ಆಲೂಗಡ್ಡೆ ಮುದ್ದೆ ಇನ್ನೂ ಬಿಸಿಯಾಗಿತ್ತು.

ಉಳಿದದ್ದನ್ನು ಕೆಲಸದವರು ಮುಟ್ಟುವಂತಿಲ್ಲ. ಹಿಂದೆ ಯಾರೋ ಡಬ್ಬಿ ತುಂಬಿಕೊಂಡು ಹೋದರೆಂದು ಕೀತ್ ಒಂದು ಪದ್ಧತಿ ತಂದಿದ್ದ: ಕಸದ ತೊಟ್ಟಿಗೆ ಸುರಿಯುವ ಮೊದಲು ಉಳಿದ ಊಟದ ಮೇಲೆ ಪಾತ್ರೆ ತೊಳೆಯುವ ಹಸಿರು ಸಾಬೂನು ಹೊಯ್ಯಬೇಕು. ಇಷ್ಟು ದಿನ ಅವಳೇ ಹೊಯ್ದಿದ್ದಳು, ಉಸಿರು ಬಿಗಿಹಿಡಿದು, ಬೇರೆಲ್ಲೋ ನೋಡುತ್ತ.

ಕೀತ್ ಸಾಬೂನಿನ ಬಾಟಲಿಯನ್ನು ಅವಳ ಕೈಗಿತ್ತ. "ಇದನ್ನ ಮುಗಿಸಿ ಮನೆಗೆ ನಡಿ. ನಾಳೆ ಬರೋದು ಬೇಡ."

ಬೆರಿಲ್ ನಲ್ಲಿ ನಿಲ್ಲಿಸಿದಳು.

ಲೊರೇನ್ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಮಕ್ಕಳ ಗಿಡ್ಡ ಬೆಂಚನ್ನು ಕಾಲಲ್ಲಿ ಎಳೆದು ಕುಳಿತಳು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೈಯಿಂದಲೇ ಬಗೆದು ಬಾಯಿಗೆ ತುರುಕಿಕೊಂಡಳು.

"ಏಯ್! ಕಳ್ಳಿ, ಇಡೇ ಕೆಳಗೆ."

ಅವಳು ಅಗಿಯುತ್ತಿದ್ದಳು. ಕೀತ್ ಬಾಟಲಿ ಕಸಿದು ತಟ್ಟೆಯ ಮೇಲೆ ಹಿಂಡಿದ. ಹಸಿರು ದ್ರವ ಆಲೂಗಡ್ಡೆಯ ಮೇಲೆ ಹರಿದು ಅವಳ ಬೆರಳ ಸಂದಿಗಿಳಿಯಿತು. ಬೆರಳುಗಳು ನಿಲ್ಲಲಿಲ್ಲ.

"ಸಾಬೂನು ಕಣೇ ಅದು," ಎಂದ ಅವನು. ದನಿ ಇಳಿದಿತ್ತು. "ನಿಂಗೇನು ತಲೆ ಕೆಟ್ಟಿದ್ಯಾ?"

ಲೊರೇನ್ ನುಂಗಿದಳು. ಎದ್ದು ಅವನೆದುರು ನಿಂತಳು. ತುಟಿಯ ಅಂಚಿನಲ್ಲಿ ನೊರೆ ಇತ್ತು. ಬಾಯಿಯನ್ನು ಅಗಲವಾಗಿ ತೆರೆದು ಅವನ ಮೂಗಿನವರೆಗೂ ತಂದಳು.

"ಈಗ ಮೂಸು."