ಎರಡು ಮೂಗಿನ ರಾಜ

ಹರಾಜಿಗೆ ಮುಂಚೆ ನಾಣ್ಯಗಳನ್ನು ಕೈಯಲ್ಲೇ ಹಿಡಿದು ನೋಡಲು ಆ ಸಂಜೆಯವರೆಗೆ ಮಾತ್ರ ಅವಕಾಶವಿತ್ತು. ನೋಡಲು ಬಂದವರ ಸಾಲಿನಲ್ಲಿ, ಯಾರೋ ಗಿರಾಕಿಯ ಹಾಗೆ, ನಾಣ್ಯಗಳ ಯಜಮಾನರೇ ಹೆಂಡತಿಯ ಜೊತೆ ಕೂತಿದ್ದರು. ಜೀವಮಾನವಿಡೀ ವಾಚು ರಿಪೇರಿ ಮಾಡಿ, ಬಿಡುವಿನಲ್ಲೆಲ್ಲ ಹಳೆಯ ನಾಣ್ಯ ಕೂಡಿಟ್ಟವರು. ಬೀದಿಯವರು ಅವರಿಗಿಟ್ಟ ಹೆಸರು ದುರ್ಬೀನು. ಈಗ ಆ ದುರ್ಬೀನಿಗೇ ಮಂಜು ಕವಿದಿತ್ತು. ಕಣ್ಣಿನ ಡಾಕ್ಟರು ಇನ್ನು ಇಷ್ಟೇ ಎಂದು ಕೈಚೆಲ್ಲಿದ ಮೇಲೆ, ನೋಡಲಾಗದ್ದನ್ನು ಇಟ್ಟುಕೊಂಡು ಏನು ಮಾಡಲಿ ಎಂದು ತಾವೇ ಎಲ್ಲವನ್ನೂ ಹರಾಜಿನವರಿಗೆ ಒಪ್ಪಿಸಿದ್ದರು.

ಒಪ್ಪಿಸಿದ ಮೇಲೆ ನಿದ್ದೆ ಹತ್ತಲಿಲ್ಲ. ಉಳಿದವು ಹೋದರೆ ಹೋಗಲಿ, ಎರಡು ಮೂಗಿನ ರಾಜನನ್ನು ಮಾತ್ರ ಮನೆಗೆ ವಾಪಸ್ಸು ತರಬೇಕು ಎಂಬ ಹಟ ಹತ್ತಿತು. ಬಾಗಿಲು ಹಾಕುವುದರೊಳಗೆ ಹೇಳಿದರೆ ಒಂದನ್ನು ಹಿಂದಕ್ಕೆ ಕೊಡುತ್ತೇವೆ ಎಂದು ಹರಾಜಿನವರೂ ಒಪ್ಪಿದ್ದರು. ಆ ರಾಜ ಇದ್ದದ್ದು ಒಂದು ಬೆಳ್ಳಿ ನಾಣ್ಯದ ಮೇಲೆ. ಯಾವ ಕಾಲದಲ್ಲೋ ಟಂಕಸಾಲೆಯವನು ಎರಡನೇ ಏಟು ಹಾಕುವಷ್ಟರಲ್ಲಿ ಬಿಲ್ಲೆ ಕೂದಲೆಳೆಯಷ್ಟು ಸರಿದು, ಪಾಪ, ರಾಜನ ಮೂಗಿನ ಪಕ್ಕ ಇನ್ನೊಂದು ಮೂಗು ಮೂಡಿತ್ತು. ಆ ತಪ್ಪಿಗೇ ಯಜಮಾನರು ಮರುಳಾಗಿದ್ದು.

ಹೆಂಡತಿ ಬಂದದ್ದು ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸಲಿಕ್ಕೆ. ಮದುವೆಯಾಗಿ ಬಂದಾಗಿನಿಂದ ನಾಣ್ಯದ ಬೀರುವಿನ ಧೂಳು ಒರೆಸಿದವಳು ಅವಳೇ, ಒಳಗಿದ್ದುದನ್ನು ಮುಟ್ಟಿದವಳಲ್ಲ. ಬೆವರು ಕೈ, ಒದ್ದೆ ಕೈ, ಎಣ್ಣೆ ಕೈ ಎಂದು ಯಜಮಾನರ ಹತ್ತಿರ ಕಾರಣಗಳಿಗೇನು ಬರ?

ಮೇಜಿನ ಹಿಂದಿದ್ದ ಹರಾಜಿನ ಮೇಡಂ ಮಖಮಲ್ಲಿನ ಬಟ್ಟೆ ಹಾಸಿ, ರಾಜನನ್ನು ಅದರ ಮೇಲಿಟ್ಟು, ಮೊದಲು ಯಾರು ನೋಡುತ್ತೀರಿ ಎಂದು ಕೇಳಿದರು.

"ನಾನು," ಎಂದಳು ಹೆಂಡತಿ, ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿಯುವವಳ ಹಾಗೆ ಮುಂದೆ ಸರಿದು.

ಯಜಮಾನರ ಕೈ ತಾನಾಗಿ ಚಾಚಿತು. "ಅಂಚು ಹಿಡಿ, ಅಂಚು."

ಅಮ್ಮ ಸರಿಯಾಗೇ ಹಿಡಿದಿದ್ದಾರೆ, ತಾವು ಸ್ವಲ್ಪ ಕೈ ತೆಗೆಯಿರಿ ಎಂದು ಮೇಡಂ ನಯವಾಗಿ ಹೇಳಿದರು. ಹೌದು, ಮಂಜಿನಲ್ಲೂ ಅವರಿಗೆ ಅಷ್ಟು ಕಂಡಿತು, ಎರಡೇ ಬೆರಳು, ಅಂಚಿನಲ್ಲಿ, ಜಾರಿದರೂ ಬಟ್ಟೆಯ ಮೇಲೇ ಬೀಳುವಷ್ಟು ತಗ್ಗಿನಲ್ಲಿ. ಇವಳಿಗೆ ಇದನ್ನು ಕಲಿಸಿದವರು ಯಾರು? ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ನಿಂತೇ ಕಲಿತಿರಬೇಕು ಎಂದು ಹೊಳೆದಾಗ ಅವರಿಗೆ ಒಂದು ಥರ ಕಸಿವಿಸಿಯಾಯಿತು.

"ಥೇಟ್ ನಿಮ್ಮ ದೊಡ್ಡಣ್ಣನೇ ಕಣ್ರೀ," ಎಂದಳು ಹೆಂಡತಿ, ಭೂತಗನ್ನಡಿಯಿಂದ ಕಣ್ಣು ತೆಗೆಯದೆ. "ಅದೇ ಗಲ್ಲ, ಅದೇ ಗತ್ತು. ಮೂಗೊಂದೇ ಅಲ್ಲ, ರೆಪ್ಪೆನೂ ಎರಡಿದೆ. ಒಂದು ನಿದ್ದೆಗೆ ಜಾರಿದ ಹಾಗಿದೆ, ಇನ್ನೊಂದು ಎಚ್ಚರವಾಗಿದೆ."

ರೆಪ್ಪೆ? ಇಷ್ಟು ವರ್ಷ ಅವರು ನೋಡಿದ್ದೆಲ್ಲ ಮೂಗನ್ನೇ. ಇವಳ ಕಣ್ಣಿದ್ದರೆ ನನಗಿನ್ನೇನು ಕೊರತೆ ಎನ್ನಿಸಿ ಹಿಗ್ಗಿಹೋದರು.

"ಇವಳೇ, ಇದನ್ನ ವಾಪಸ್ ತಗೊಂಡು ಹೋಗೋಣ. ದಿನಾ ನೋಡಿ ಹೇಳುವಿಯಂತೆ."

"ಬೀರು ಕೀ ಯಾರ ಹತ್ರ ಇರುತ್ತೆ?"

"ನನ್ನ ಹತ್ರಾನೇ. ನೀನು ಕೇಳಿದಾಗ ತೆಗೆದು ಕೊಡ್ತೀನಲ್ಲ."

"ಇಲ್ಲಿ ಕೇಳೋಕೂ ಮುಂಚೆ ಕೊಟ್ರು," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಹೊರಗೆ ಮೋಡ ಆಗಿದೆ ಎಂದು ಹೇಳಿದಷ್ಟೇ ಸಲೀಸು.

ಕೀ ನೀನೇ ಇಟ್ಟುಕೋ ಎಂದು ಯಜಮಾನರು ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದದ್ದು ಅಲ್ಲೇ ನಿಂತಿತು. ಎರಡು ದಿನ ಕೊಟ್ಟು ಮೂರನೆಯ ದಿನ ಏನಾದರೊಂದು ನೆಪ ತೆಗೆದು ಇಸಿದುಕೊಳ್ಳುವ ತಮ್ಮ ಬುದ್ಧಿ ಅವರಿಗೇ ಗೊತ್ತಿತ್ತು. ಹಿಂದೆ ಕಾಯುತ್ತಿದ್ದವರೊಬ್ಬರು ಕೆಮ್ಮಿದರು.

ಹಾಗಾದರೆ ಇದನ್ನು ಹರಾಜಿನಿಂದ ತೆಗೆದಿಡಲೇ ಎಂದು ಮೇಡಂ ಕೇಳಿದರು.

"ಅವಳನ್ನೇ ಕೇಳಿ," ಎಂದರು ಯಜಮಾನರು.

ಹೆಂಡತಿ ರಾಜನನ್ನು ಇನ್ನೊಮ್ಮೆ ಬೆಳಕಿಗೆ ತಿರುಗಿಸಿ ನೋಡಿ, ನಿಧಾನವಾಗಿ ಬಟ್ಟೆಯ ಮೇಲೆ ಮಲಗಿಸಿದಳು. "ಬೇಡ, ಹೋಗಲಿ. ಬಾಗಿಲು ಹಾಕೋದ್ರೊಳಗೆ ಉಳಿದವನ್ನೂ ತೋರ್ಸಿ ಮೇಡಂ."

ಯಜಮಾನರು ಮಖಮಲ್ಲಿನ ಅಂಚನ್ನು ಒಮ್ಮೆ ಸವರಿ ಕೈ ಹಿಂದಕ್ಕೆ ತೆಗೆದುಕೊಂಡರು. ಮುಂದಿನ ತಟ್ಟೆ ಬಂತು. "ಇದೇನ್ರೀ, ಕುದುರೆನೋ ನಾಯಿನೋ?" ಎಂದು ಅವಳು ಕೇಳಿದಳು. ಬಾಲ ಹೇಗಿದೆ ಹೇಳು ಎಂದರು ಅವರು.