ಸೆಖೆಯಲ್ಲೂ ಕಳಚದ ಹೂಡಿ

ಬೇಸಿಗೆಯ ಬೆಳಿಗ್ಗೆ. ಬಿಸಿಲು ಏರುವ ಮೊದಲೇ ಮನೆಯ ಗೋಡೆ ಮುಟ್ಟಿದರೆ ಬಿಸಿ. ಅಂಥ ಸೆಖೆಯಲ್ಲಿ ಬಸ್ಸಿನ ಕಂಡಕ್ಟರಮ್ಮನ ಮಗಳು ಸಮವಸ್ತ್ರದ ಮೇಲೆ ದಪ್ಪನೆಯ ಹೂಡಿ ತೊಟ್ಟು, ಅದರ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಶೂ ಹುಡುಕುತ್ತಿದ್ದಳು.

"ನಮ್ಮನೇಲಿ ಹುಡುಗಿ ಇದ್ದಾಳೋ, ಕರಡಿ ಇದ್ಯೋ?" ಎಂದು ಅಜ್ಜಿ ಬಾಗಿಲಲ್ಲೇ ಕೇಳಿದರು.

"ತೆಗಿಯೇ ಅದನ್ನ!" ಕಂಡಕ್ಟರಮ್ಮ ತಲೆ ಬಾಚಿಕೊಳ್ಳುತ್ತಲೇ ಗದರಿದಳು. "ಸ್ಕೂಲಲ್ಲಿ ಬೇಡ ಅಂದಿದ್ದಾರೆ ತಾನೇ?"

"ಎಲ್ರೂ ಹಾಕ್ಕೋತಾರಮ್ಮ."

"ಎಲ್ರನ್ನೂ ಗೇಟಿಂದ ವಾಪಸ್ ಕಳಿಸ್ತಾರೆ, ನಿನ್ನನ್ನೂ ಕಳಿಸ್ತಾರೆ!"

ಮಗಳು ಶೂ ಮೆಟ್ಟಿಕೊಂಡಳು. ಮುಖ ಊದಿಸಿಕೊಂಡು ಹೊರಟೇಹೋದಳು. ಆ ವರ್ಷ ಊರಿನ ಮಕ್ಕಳಿಗೆಲ್ಲ ಹೂಡಿಯ ಹುಚ್ಚು ಹಿಡಿದಿತ್ತು. ಇಬ್ಬರು ಹಿಡಿಸುವಷ್ಟು ದೊಡ್ಡ ಹೂಡಿ, ಎದೆಯ ಮೇಲೆ ಅರ್ಥವಾಗದ ದಪ್ಪಕ್ಷರ, ತಲೆ ಮೇಲೆ ಟೋಪಿ. ದೊಡ್ಡವರಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ಶಾಲೆಯವರು ಸಮವಸ್ತ್ರದ ಮೇಲೆ ಬೇರೇನೂ ಹಾಕಕೂಡದು ಎಂದು ಗೇಟಿನಲ್ಲೇ ಬೋರ್ಡು ತಗುಲಿಸಿದ್ದರು.

ಅಂದೂ ಹುಡುಗಿಯನ್ನು ವಾಪಸು ಕಳಿಸಿದರು. ಸಂಜೆ ಅಮ್ಮ ಕೆಲಸ ಮುಗಿಸಿ ಬಂದಾಗ ಚೀಲ ಮೂಲೆಯಲ್ಲಿ ಬಿದ್ದಿತ್ತು. ಮಗಳು ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ನಾನಿನ್ನು ಸ್ಕೂಲಿಗೆ ಹೋಗಲ್ಲ" ಎಂದಳು.

ಕಂಡಕ್ಟರಮ್ಮ ಹೆದರಿದಳು. ಆದರೆ ಬಾಯಿಗೆ ಬಂದದ್ದು ಬೈಗುಳವೇ. "ಒಂದು ಬಟ್ಟೆಗೋಸ್ಕರ ಓದು ಬಿಡ್ತೀಯಾ? ತಲೆ ಮೇಲೆ ಕೂರಿಸ್ಕೊಂಡಿದ್ದು ನಂದೇ ತಪ್ಪು!"

ಮರುದಿನ ಬಸ್ಸಿನಲ್ಲಿ ಟಿಕೆಟ್ ಕೊಡುವಾಗಲೂ ಅವಳಿಗೆ ಅದೇ ಧ್ಯಾನ. ಪಕ್ಕದ ಮನೆಯ ನರ್ಸಕ್ಕ ಆರೋಗ್ಯ ಕೇಂದ್ರಕ್ಕೆ ಹೋಗುವುದು ಅದೇ ಬಸ್ಸಿನಲ್ಲಿ. ಜನ ಇಳಿದು ಬಸ್ಸು ಖಾಲಿಯಾದ ಮೇಲೆ ಕಂಡಕ್ಟರಮ್ಮ ಅವರ ಪಕ್ಕ ಕುಳಿತು ಎಲ್ಲವನ್ನೂ ಒದರಿಬಿಟ್ಟಳು.

ನರ್ಸಕ್ಕ ಕೊನೆಯವರೆಗೂ ಕೇಳಿ, "ಬೈದೆ, ಸರಿ. ಅವಳನ್ನ ಕೇಳಿದ್ಯಾ?" ಎಂದರು.

"ಏನ್ ಕೇಳೋದು ನರ್ಸಕ್ಕ? ಫ್ಯಾಷನ್ನು. ಗೊತ್ತಿರೋದೇ ಅಲ್ವಾ?"

"ಫ್ಯಾಷನ್ನಿಗೋಸ್ಕರ ಈ ಉರಿಬಿಸಿಲಲ್ಲಿ ಇಡೀ ದಿನ ಬೆವರ್ತಾಳಾ? ಇರಬಹುದು. ಇಲ್ದೇನೂ ಇರಬಹುದು. ಅವಳ ವಯಸ್ಸಲ್ಲಿ ಮೈ ಬೆಳೆಯೋದು ನಮ್ಮ ಕಣ್ಣಿಗೆ ಕಾಣೋಷ್ಟರಲ್ಲಿ ಬಟ್ಟೆ ಬಿಗಿಯಾಗಿರುತ್ತೆ. ಮಕ್ಕಳು ಬಾಯಿ ಬಿಟ್ಟು ಹೇಳಲ್ಲ. ಬಟ್ಟೆ ಒಳಗೆ ಬಚ್ಚಿಟ್ಕೋತಾರೆ."

"ಕೇಳಿದ್ರೆ ಹೇಳ್ತಾಳಾ? ಹೋಗಮ್ಮ ಅಂತಾಳೆ."

"ಎದುರಿಗೆ ನಿಲ್ಲಿಸ್ಕೊಂಡು ಪೊಲೀಸರ ಥರ ಕೇಳ್ಬೇಡ. ಇಬ್ಬರ ಕೈಗೂ ಏನಾದ್ರೂ ಕೆಲಸ ಇರ್ಲಿ. ಕೇಳಿದ ಮೇಲೆ ನೀನು ಸುಮ್ನಿರು. ನಿಂಗೆ ಕಷ್ಟವೇ, ಆದ್ರೂ ಸುಮ್ನಿರು."

ಕಂಡಕ್ಟರಮ್ಮನಿಗೆ ನಗು ಬಂತು. ಡ್ರೈವರೂ ಮುಂದಿನಿಂದ ಕಿಸಕ್ಕೆಂದು ನಕ್ಕ.

ಅಂದು ಸಂಜೆ ಮಹಡಿಯ ಮೇಲೆ ಒಣಗಿದ ಹೊದಿಕೆಗಳನ್ನು ತಾಯಿ ಮಗಳು ಮಡಿಚುತ್ತಿದ್ದರು. ಆ ತುದಿ ಮಗಳ ಕೈಯಲ್ಲಿ, ಈ ತುದಿ ಅಮ್ಮನ ಕೈಯಲ್ಲಿ.

"ಆ ಹೂಡಿ ಹಾಕ್ಕೊಂಡ್ರೆ ನಿಂಗೆ ಹೇಗನ್ಸುತ್ತೆ?" ಎಂದು ಅಮ್ಮ ಮೆಲ್ಲಗೆ ಕೇಳಿದಳು. ಕೇಳಿ, ತುಟಿ ಕಚ್ಚಿಕೊಂಡು ಸುಮ್ಮನಾದಳು.

ಒಂದು ಹೊದಿಕೆ ಮಡಿಚಿದ್ದಾಯಿತು. ಇನ್ನೊಂದೂ ಆಯಿತು. ಆಮೇಲೆ ಮಗಳು ಹೇಳಿದಳು, "ಧೈರ್ಯ ಅನ್ಸುತ್ತೆ."

"ಧೈರ್ಯವಾ?"

"ಶರ್ಟು ಟೈಟಾಗಿದೆಯಮ್ಮ. ಎದೆ ಹತ್ರ ಗುಂಡಿ ಮಧ್ಯೆ ಬಾಯಿ ಬಿಡುತ್ತೆ. ಬೋರ್ಡ್ ಮೇಲೆ ಬರೆಯೋಕೆ ಕೈ ಎತ್ತಿದ್ರೆ ಹೊಟ್ಟೆ ಕಾಣುತ್ತೆ. ಹಿಂದಿನ ಬೆಂಚಿನವರು ನಗ್ತಾರೆ. ಅದಕ್ಕೇ ಮೇಷ್ಟ್ರು ಪ್ರಶ್ನೆ ಕೇಳಿದ್ರೂ ನಾನು ಕೈ ಎತ್ತೋದೇ ಇಲ್ಲ. ನಮ್ಮ ಕ್ಲಾಸಲ್ಲಿ ಸುಮಾರು ಹುಡುಗೀರು ಹೂಡಿ ಹಾಕೋದು ಇದಕ್ಕೇ."

ಕಂಡಕ್ಟರಮ್ಮನ ಕೈಯಿಂದ ಹೊದಿಕೆ ಜಾರಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳಿಗೂ ಒಂದು ಬಿಗಿಯಾದ ಖಾಕಿ ಕೋಟು ಕೊಟ್ಟಿದ್ದರು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದರೆ ಕಂಕುಳಲ್ಲಿ ಕತ್ತರಿಸುತ್ತಿತ್ತು. ಡಿಪೋದಲ್ಲಿ ಕೂಗಾಡಿ ಅವಳು ಅದನ್ನು ಬದಲಾಯಿಸಿಕೊಂಡಿದ್ದಳು. ಈ ಕೂಸು ಯಾರ ಮುಂದೆ ಕೂಗಾಡಬೇಕಿತ್ತು?

"ನನ್ನ ಹತ್ರ ಹೇಳೋದಲ್ವೇನೇ ಕಂದ?"

"ನೀನು ಬಾಯಿ ಮುಚ್ಚಿದ್ರೆ ತಾನೇ ನಾನು ಬಾಯಿ ಬಿಡೋದು?" ಎಂದಳು ಮಗಳು. ಇಬ್ಬರಿಗೂ ನಗು ಬಂತು, ಅಳುವೂ ಬಂತು. ಕಣ್ಣೊರೆಸಿಕೊಂಡು ಮಗಳು ಮತ್ತೊಂದು ಮಾತು ಸೇರಿಸಿದಳು: "ಆದ್ರೆ ಅಮ್ಮ, ಆ ಹೂಡಿ ಚೆನ್ನಾಗೂ ಇದೆ. ಅದೂ ನಿಜ."

ವಾರದ ಕೊನೆಗೆ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಯಾವತ್ತೂ ಹೋಗದ ಕಂಡಕ್ಟರಮ್ಮ ಅಂದು ರಜೆ ಹಾಕಿ, ಮಗಳನ್ನೂ ನರ್ಸಕ್ಕನನ್ನೂ ಕರೆದುಕೊಂಡು ಹೋದಳು. ಹೊರಡುವ ಮುಂಚೆ ಮಗಳನ್ನು ಕೇಳಿದ್ದಳು: "ನಿನ್ನ ವಿಷಯ ಅಲ್ಲಿ ಹೇಳ್ಲಾ?" "ಹೆಸರು ಹೇಳ್ಬೇಡ, ವಿಷಯ ಹೇಳು" ಎಂದಿದ್ದಳು ಮಗಳು.

ಅಲ್ಲಿ ಮಾತು ಜೋರಾಗಿತ್ತು. ಒಬ್ಬರು ಹೂಡಿ ಸುಟ್ಟುಹಾಕಿ ಎಂದರು. ಇನ್ನೊಬ್ಬರು ಕಾಲ ಕೆಟ್ಟಿತು ಎಂದರು. ಹೆಡ್ ಮೇಡಂ ಎದ್ದು ನಿಂತರು.

"ನನಗೂ ಮಕ್ಕಳನ್ನ ವಾಪಸ್ ಕಳಿಸೋದಕ್ಕೆ ಇಷ್ಟ ಇಲ್ಲ. ಆದ್ರೆ ಟೋಪಿ ಹಾಕಿದ್ರೆ ಮುಖ ಕಾಣಲ್ಲ. ಕಿವೀಲಿ ಹಾಡು ಕೇಳ್ತಾ ಕೂತಿದ್ರೂ ಗೊತ್ತಾಗಲ್ಲ. ಮೊನ್ನೆ ಪ್ರಯೋಗಾಲಯದಲ್ಲಿ ಒಬ್ಬನ ಹೂಡಿ ದಾರ ಬೆಂಕಿಗೆ ತಾಗೋದು ಸ್ವಲ್ಪದರಲ್ಲಿ ತಪ್ಪಿತು."

ಅದೂ ಸರಿಯಾದ ಮಾತೇ ಎಂದು ಕಂಡಕ್ಟರಮ್ಮನಿಗೆ ಅನ್ನಿಸಿತು. ಬಸ್ಸಿನಲ್ಲಿ ಕೂಗಿ ಪಳಗಿದವಳು ಅಂದು ಮೆಲ್ಲಗೆ ಎದ್ದು ನಿಂತಳು.

"ಮೇಡಂ, ನಾನೂ ಬೈದವಳೇ. ಆಮೇಲೆ ಕೇಳಿದೆ. ಕೆಲವು ಮಕ್ಕಳು ಷೋಕಿಗೆ ಹಾಕ್ತಿಲ್ಲ. ಶರ್ಟು ಚಿಕ್ಕದಾಗಿದೆ. ಹೇಳೋಕೆ ನಾಚಿಕೆ."

ಹೆಡ್ ಮೇಡಂ ಟೀ ಕಪ್ಪನ್ನು ಮೇಜಿನ ಮೇಲಿಟ್ಟರು. ಹಿಂದೆ ಸಮವಸ್ತ್ರದಲ್ಲಿ ಸಾಲಾಗಿ ನಿಂತಿದ್ದ ಮಕ್ಕಳ ಕಡೆ ತಿರುಗಿ, "ಇಷ್ಟ ಇದ್ದವರು ಮಾತ್ರ ಎರಡೂ ಕೈ ಮೇಲೆತ್ತಿ, ಅಂಗಿ ಹಿಡಿಸುತ್ತಾ ನೋಡೋಣ" ಎಂದರು.

ಮೊದಲು ಎತ್ತಿದ್ದು ಶಾಲೆಯಲ್ಲೇ ಎತ್ತರದ ಹುಡುಗ. ಎಲ್ಲರೂ ಅವನನ್ನು ಏಣಿ ಅನ್ನುತ್ತಿದ್ದರು. ಅವನು ಕೈ ಎತ್ತಿದ್ದೇ ತಡ, ಟಪ್ ಎಂದು ಗುಂಡಿಯೊಂದು ಹಾರಿ ನೆಟ್ಟಗೆ ಹೆಡ್ ಮೇಡಂ ಟೀ ಕಪ್ಪಿನೊಳಗೆ ಬಿತ್ತು!

ಮೇಡಂ ಚಮಚದಿಂದ ಗುಂಡಿ ತೆಗೆದು ನೋಡಿ, "ಸಕ್ಕರೆ ಸಾಲದು ಅಂತ ಹಾಕಿದ್ಯೇನಪ್ಪಾ?" ಎಂದರು. ಹೊಟ್ಟೆ ಹುಣ್ಣಾಗುವಷ್ಟು ಎಲ್ಲರೂ ನಕ್ಕರು. ಏಣಿ ಎಲ್ಲರಿಗಿಂತ ಹೆಚ್ಚು ನಕ್ಕ. ಆಮೇಲೆ ಒಬ್ಬೊಬ್ಬರಾಗಿ ಮಕ್ಕಳು ಕೈ ಎತ್ತಿದರು. ತೋಳು ಗಿಡ್ಡ, ಭುಜ ಬಿಗಿ, ಅಂಗಿ ಸೊಂಟದಿಂದ ಮೇಲೆ. ಹೂಡಿ ಸುಟ್ಟುಹಾಕಿ ಎಂದಿದ್ದ ಅಪ್ಪನ ಮಗಳ ಅಂಗಿಯೂ ಹಾಗೇ ಇತ್ತು.

ಅಂದೇ ಮಕ್ಕಳನ್ನೂ ಕೂರಿಸಿಕೊಂಡು ಹೊಸ ನಿಯಮ ಬರೆದರು. ಪ್ರತಿ ಅವಧಿಯ ಆರಂಭದಲ್ಲಿ ಅಳತೆ. ಸಮವಸ್ತ್ರ ಸಡಿಲವಾಗಿಯೇ ಹೊಲಿಸಬಹುದು. ಚಿಕ್ಕದಾದದ್ದನ್ನು ತಂದುಕೊಟ್ಟು, ಶಾಲೆಯ ಕಪಾಟಿನಿಂದ ಬೇರೆ ಅಳತೆಯದನ್ನು ಒಯ್ಯಬಹುದು. ಹೂಡಿ ಬೇಕಾದವರು ಹಾಕಲಿ, ಆದರೆ ತರಗತಿಯಲ್ಲಿ ಟೋಪಿ ಇಳಿಸಬೇಕು, ಪ್ರಯೋಗಾಲಯದಲ್ಲೂ ಆಟದ ಮೈದಾನದಲ್ಲೂ ಹೂಡಿಯನ್ನೇ ಕಳಚಬೇಕು. ಬಟ್ಟೆಯ ನೆಪಕ್ಕೆ ಯಾರನ್ನೂ ಗೇಟಿನಿಂದ ವಾಪಸು ಕಳಿಸುವಂತಿಲ್ಲ. ಏನೇ ಇದ್ದರೂ ನಾಲ್ಕು ಜನರ ಮುಂದಲ್ಲ, ಒಳಗೆ ಕರೆದು ಒಬ್ಬರನ್ನೇ ಕೇಳಬೇಕು.

ಸೋಮವಾರ ಹುಡುಗಿ ಶಾಲೆಯ ಕಪಾಟಿನಿಂದ ತಂದ ಸಡಿಲವಾದ ಅಂಗಿಯಲ್ಲಿ ಶಾಲೆಗೆ ಹೊರಟಳು. ಹೂಡಿ ಗೂಟದಲ್ಲೇ ಇತ್ತು. "ಮಳೆಗಾಲದಲ್ಲಿ ನೋಡೋಣ" ಎಂದು ಅಮ್ಮನಿಗೆ ಕಣ್ಣು ಹೊಡೆದು, ಬಸ್ಸು ಹತ್ತಿ, ಟಿಕೆಟ್ ಕೊಡಲು ಬಂದ ಅಮ್ಮನಿಗೇ "ಒಂದು ಸ್ಕೂಲು, ಕಂಡಕ್ಟರ್ರೇ!" ಎಂದಳು. ಕಂಡಕ್ಟರಮ್ಮ ಅಂದು ದಾರಿಯುದ್ದಕ್ಕೂ ಎಲ್ಲ ಪ್ರಯಾಣಿಕರಿಗೂ ನಗುನಗುತ್ತಾ ಟಿಕೆಟ್ ಹರಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬೆಳೆಯುವ ಮಕ್ಕಳಿದ್ದಾರೆ. ಅವರ ಬಟ್ಟೆ ನಿಮಗೆ ವಿಚಿತ್ರ ಕಾಣಬಹುದು. ಇಷ್ಟವಾಗದಿದ್ದರೂ ಪರವಾಗಿಲ್ಲ. ಮೊದಲು ಮೆತ್ತಗೆ ಕೇಳಿ, ಕೇಳಿದ ಮೇಲೆ ಸುಮ್ಮನಿರಿ. ಅವರ ಸಮವಸ್ತ್ರ ಮೈಗೆ ಹಿಡಿಸುತ್ತದೆಯೇ ನೋಡಿ. ಶಾಲೆಯ ಮುಂದಿನ ಸಭೆಗೆ ತಪ್ಪದೆ ಹೋಗಿ, ನಿಯಮ ಮಾಡುವಾಗ ಮಕ್ಕಳನ್ನೂ ಕೂರಿಸಿಕೊಳ್ಳಿ ಎಂದು ಹೇಳಿ. ಬೈಯುವುದಕ್ಕೆ ನಾಳೆಯೂ ಪುರುಸೊತ್ತಿರುತ್ತದೆ. ಇವತ್ತು ಕೇಳಿ.