ಸತ್ತಿದೆ ಎಂದು ಬರೆದ ಮರಿ

ತೊಮಿಯೆ ತನ್ನ ನಾಯಿ ತೈಗಾನ ಕಿವಿಯ ಹಿಂದೆ ಮೂರನೇ ಸಲ ಬಟ್ಟೆ ಆಡಿಸುತ್ತಿದ್ದಳು. ಒರೆಸಲು ಅಲ್ಲೇನೂ ಉಳಿದಿರಲಿಲ್ಲ. ಕೈಗೊಂದು ಕೆಲಸ ಬೇಕಿತ್ತು, ಅಷ್ಟೇ. ಯೊನೆಶಿರೊ ಹೊಳೆಯ ದಂಡೆಯ ಮೈದಾನದಿಂದ ಅಕ್ಟೋಬರ್ ತಿಂಗಳ ಮಂಜು ಇನ್ನೂ ಪೂರ್ತಿ ಸರಿದಿರಲಿಲ್ಲ. ನಾಯಿ ಪ್ರದರ್ಶನಕ್ಕೆಂದು ಹಗ್ಗ ಕಟ್ಟಿದ ಅಂಕಣದ ಸುತ್ತ ನಲವತ್ತು ಅಕಿತಾ ನಾಯಿಗಳು ಬಾಲ ಸುರುಳಿ ಮಾಡಿಕೊಂಡು ಹಾಯಾಗಿ ನಿಂತಿದ್ದವು. ಬೆಳಗಿನ ಅನ್ನ ಗಂಟಲಲ್ಲಿ ಇಳಿಯದೆ ಒದ್ದಾಡುತ್ತಿದ್ದವರೆಲ್ಲ ಅವುಗಳ ಒಡೆಯರು.

ದೊಡ್ಡ ಗಂಡುನಾಯಿಗಳ ಸರದಿ ಹನ್ನೊಂದಕ್ಕೆ. ಅದರಲ್ಲಿ ಮೊದಲ ಸ್ಥಾನ ಬಂದರೆ ತೈಗಾನ ಹೆಸರು, ತಳಿಗೆ ಆರಿಸಿದ ನಾಯಿಗಳನ್ನಷ್ಟೇ ಬರೆಯುವ ನಾಯಿ ಸಂಘದ ಮೂಲ ಪುಸ್ತಕಕ್ಕೆ ಹತ್ತುತ್ತದೆ. ಆಮೇಲೆ ಹೆಣ್ಣುನಾಯಿಗಳನ್ನು ಅದರ ಜೊತೆ ಕೂಡಿಸಲು ಜನ ತಾವಾಗಿಯೇ ಅವಳ ಮನೆ ಬಾಗಿಲಿಗೆ ಬರುತ್ತಾರೆ. ಅವಳ ಮಾವ ನಲವತ್ತು ವರ್ಷ ನಾಯಿ ಸಾಕಿ, ಆ ಪುಸ್ತಕದಲ್ಲಿ ತನ್ನ ಮನೆಯ ಒಂದು ಹೆಸರನ್ನೂ ಕಾಣದೆಯೇ, ಹೋದ ವರ್ಷ ಕಣ್ಣು ಮುಚ್ಚಿದ್ದ. ಸಾಯುವ ವಾರ ಮಾತು ನಿಂತಿದ್ದರೂ ತೈಗಾನ ತಲೆ ಹಿಡಿದು ನೋಡಿ ಹೂಂ ಎಂದಿದ್ದ. ಆ ಹೂಂ ಈಗ ತೊಮಿಯೆಯ ಹೆಗಲ ಮೇಲೆ ಕೂತಿತ್ತು.

"ತೊಮಿಯೆಸಾನ್! ಓ ತೊಮಿಯೆಸಾನ್!"

ಅವಳು ತಿರುಗಿದಳು.

ಕಾರು ನಿಲ್ಲಿಸುವ ಕಡೆಯಿಂದ ಯಸೊಕಿಚಿ ಕೈ ಬೀಸುತ್ತ ಬರುತ್ತಿದ್ದ. ನೊಶಿರೊದಲ್ಲಿ ಅವಳ ಅಕ್ಕನ ಪಕ್ಕದ ಮನೆಯವನು, ಕ್ಷೌರದ ಅಂಗಡಿಯವನು, ಅರವತ್ತೈದರ ಸಾಧು ಮನುಷ್ಯ. ಅವನ ಪಕ್ಕದಲ್ಲಿ ಬಂಗಾರದ ಬಣ್ಣದ ನಾಯಿಯೊಂದು ಬರುತ್ತಿತ್ತು. ಕಿವಿಯಿಂದ, ತೊಡೆಯಿಂದ, ಬಾಲದಿಂದ ಗೇಣುದ್ದ ಕೂದಲು ಜೋಲುತ್ತಿತ್ತು. ಕೊರಳಿಗೆ ಕೆಂಪು ರಿಬ್ಬನ್ನು ಬೇರೆ.

ಅಕಿತಾ ನಾಯಿಗೆ ಕೂದಲು ಗಿಡ್ಡವಾಗಿ, ಒರಟಾಗಿ ಇರಬೇಕು. ಒಮ್ಮೊಮ್ಮೆ ಒಂದೇ ಸೂಲಿನಲ್ಲಿ ಉದ್ದಗೂದಲ ಮರಿಯೊಂದು ಬಂದುಬಿಡುತ್ತದೆ. ಅದಕ್ಕೆ ಮುಕು ಎನ್ನುತ್ತಾರೆ, ಅದೂ ದನಿ ತಗ್ಗಿಸಿ. ಮುಕು ಹುಟ್ಟಿತೆಂದರೆ ತಾಯಿಯಲ್ಲೂ ತಂದೆಯಲ್ಲೂ ಆ ದೋಷ ಅಡಗಿದೆ ಎಂದೇ ಅರ್ಥ. ಆದ್ದರಿಂದ ಈ ಕಣಿವೆಯಲ್ಲಿ ಯಾರ ಮನೆಯಲ್ಲೂ ಮುಕು ಹುಟ್ಟುವುದೇ ಇಲ್ಲ. ಸಂಘದ ಕಾಗದಗಳನ್ನು ನಂಬುವುದಾದರೆ ಎಂದೂ ಹುಟ್ಟಿಲ್ಲ. ಮರಿಗಳು ಸಾಯುವುದು ಮಾತ್ರ ಸ್ವಲ್ಪ ಜಾಸ್ತಿ.

ಮೂರೂವರೆ ವರ್ಷದ ಹಿಂದೆ ತೈಗಾನ ಜೊತೆ ಹುಟ್ಟಿದ ಮರಿಗಳಲ್ಲಿ ಒಂದರ ಕಿವಿಯಂಚಿನಲ್ಲಿ ಐದನೇ ವಾರಕ್ಕೆ ನಯವಾದ ಕೂದಲೆದ್ದಿತ್ತು. ತೊಮಿಯೆ ಅದನ್ನು ಇತಾಗಾಕಿಯವರಿಗೆ ತೋರಿಸಿದ್ದಳು. ಅವರು ಸಂಘದ ಅಧ್ಯಕ್ಷರು, ಮರಿಗಳ ತಂದೆನಾಯಿಯೂ ಅವರದೇ. "ಹುಟ್ಟಿದವು ಐದು, ಸತ್ತಿದ್ದು ಒಂದು ಅಂತ ಬರಿ," ಎಂದಿದ್ದರು ಅವರು, ಚಹಾ ಬಟ್ಟಲಿನಿಂದ ತಲೆ ಎತ್ತದೆ. "ಎಲ್ರೂ ಬರೆಯೋದು ಹಂಗೇ." ಅವಳು ಹಾಗೇ ಬರೆದಳು, ಮನೆಯ ಮೊಹರನ್ನೂ ಒತ್ತಿದಳು. ಸತ್ತ ಮರಿ ಮಾತ್ರ ಅಂಗಳದಲ್ಲಿ ಅವಳ ಚಪ್ಪಲಿ ಕಚ್ಚಿಕೊಂಡು ಓಡಾಡುತ್ತಿತ್ತು. ಮೂರು ತಿಂಗಳು ಅದನ್ನು ಯಾರಿಗೂ ಕೊಡಲಾಗದೆ ಇಟ್ಟುಕೊಂಡು, ಕೊನೆಗೆ ಅಕ್ಕನ ಮೂಲಕ ಯಸೊಕಿಚಿಗೆ ಕೊಟ್ಟಿದ್ದಳು. ಕಾಗದಪತ್ರ ಏನೂ ಕೊಟ್ಟಿರಲಿಲ್ಲ. ಹುಟ್ಟಿದ ದಿನ ಯಾವುದೆಂದು ಅವನು ಎರಡು ಸಲ ಫೋನು ಮಾಡಿ ಕೇಳಿದ್ದ. ನೆನಪಿಲ್ಲ ಎಂದುಬಿಟ್ಟಿದ್ದಳು.

"ಗೊಂತಾ, ನೋಡೋ, ನಿನ್ನ ಸಾಕಿದ ತಾಯಿ!" ಯಸೊಕಿಚಿ ಬಾಗಿ ನಮಸ್ಕರಿಸಿದ. "ನಿಮ್ಮಕ್ಕ ಹೇಳಿದ್ರು, ಇವತ್ತು ಪ್ರದರ್ಶನ ಅಂತ. ಅಂಗಡಿ ಮುಚ್ಚಿ ಬಂದ್ಬಿಟ್ಟೆ. ನಿನ್ನೆ ನಾನೇ ಕೂತು ಇವನ ತುದಿಗೂದಲೆಲ್ಲ ನೀಟು ಮಾಡಿದೀನಿ, ಚೆನ್ನಾಗಿದೆಯಾ? ಇಬ್ರನ್ನೂ ನಿಲ್ಲಿಸಿ ಒಂದು ಫೋಟೋ ತಕ್ಕೋಬೇಕು. ಅಂಗಡಿ ಕನ್ನಡಿ ಪಕ್ಕ ಹಾಕೋಕೆ."

"ಬನ್ನಿ, ಬನ್ನಿ," ಎಂದಳು ತೊಮಿಯೆ. ಅವಳ ಕಣ್ಣು ಅವನನ್ನು ಬಿಟ್ಟು ಉಳಿದೆಲ್ಲ ಕಡೆ ಓಡುತ್ತಿತ್ತು. "ಯಸೊಕಿಚಿಸಾನ್, ಇಲ್ಲಿ ಬೇರೆ ನಾಯಿ ತರೋ ಹಂಗಿಲ್ಲ. ನಿಯಮ. ಅಲ್ಲಿ ಸೇತುವೆ ಹತ್ರ ಅನ್ನದುಂಡೆ ಹಾಕಿದ ಬಿಸಿಬಿಸಿ ಕಿರಿತಾಂಪೊ ಸಾರು ಮಾರ್ತಿದಾರೆ, ನೀವು ತಿಂತಾ ಇರಿ. ಮುಗಿಸಿ ನಾನೇ ಬರ್ತೀನಿ."

"ಅಯ್ಯೋ, ದೂರದಿಂದಾದ್ರೂ ಇವನ ತಮ್ಮನ್ನ ನೋಡ್ತೀವಿ ಬಿಡಿ. ನಾವು ತಂಟೆ ಮಾಡೋರಲ್ಲ."

ಅಷ್ಟರಲ್ಲಿ ಹಿಂದಿನಿಂದ ಕೋಲಿನ ಸದ್ದು ಬಂತು. ಇತಾಗಾಕಿ! ಜೊತೆಗೆ ಪಕ್ಕದೂರಿನ ಇಬ್ಬರು ಸಾಕಣೆದಾರರು. ಅಧ್ಯಕ್ಷರು ಗೊಂತಾನ ತಲೆಯನ್ನು ನೋಡಿದರು, ತೈಗಾನ ತಲೆಯನ್ನು ನೋಡಿದರು. ಹಣೆಯ ಅದೇ ಅಗಲ, ಮುಕ್ಕೋನದ ಅದೇ ಸಣ್ಣ ಕಣ್ಣು. ನಾಯಿ ಬಲ್ಲವರಿಗೆ ಅಷ್ಟು ಸಾಕು.

"ಎಲ್ಲೀದಪ್ಪಾ ಈ ಪೊರಕೆ?" ಎಂದರು ಇತಾಗಾಕಿ. ಜೊತೆಯವರು ನಕ್ಕರು.

"ಪೊರಕೆ ಅಲ್ಲ ಸ್ವಾಮಿ, ಇದು ಇವರ ಮನೇದೇ," ಯಸೊಕಿಚಿ ಹೆಮ್ಮೆಯಿಂದಲೇ ಹೇಳಿದ. "ಹೇಳಿ ತೊಮಿಯೆಸಾನ್."

ನಾಲ್ಕು ಜನ ಅವಳ ಮುಖ ನೋಡಿದರು. ಇತಾಗಾಕಿಯವರ ನೋಟದಲ್ಲಿ ಸಿಟ್ಟಿರಲಿಲ್ಲ, ಎಚ್ಚರಿಕೆಯಿತ್ತು. ಸುಳ್ಳು ಕಾಗದ ಕೊಟ್ಟ ಮನೆಯ ಹೆಸರನ್ನು ಸಂಘ ಕಿತ್ತುಹಾಕುತ್ತದೆ. ಹಿಂದಿನ ನಾಯಿಗಳೆಲ್ಲ ಬೀದಿನಾಯಿಗಳ ಲೆಕ್ಕಕ್ಕೆ ಬರುತ್ತವೆ. ಮಾವನ ನಲವತ್ತು ವರ್ಷ ಒಂದು ಮಾತಿಗೆ ಹೋಗುತ್ತದೆ.

"ಇಲ್ಲ," ಎಂದಳು ತೊಮಿಯೆ. "ನಮ್ಮನೇದಲ್ಲ. ಇವ್ರು ಏನೋ ತಪ್ಪು ತಿಳ್ಕೊಂಡಿದಾರೆ."

ಯಸೊಕಿಚಿ ಟೋಪಿ ತೆಗೆದು, ಒಬ್ಬೊಬ್ಬರಿಗೂ ಬಗ್ಗಿದ. "ಹೌದೌದು. ವಯಸ್ಸಾಯ್ತು ನೋಡಿ, ಅರಳುಮರಳು. ಎಲ್ಲೋ ಕೇಳಿದ್ದು ಎಲ್ಲೋ ಸೇರಿಸ್ದೆ. ಕ್ಷಮಿಸ್ಬೇಕು." ಹಗ್ಗದ ಆಚೆ ಜನರ ಹಿಂದಕ್ಕೆ ಗೊಂತಾನನ್ನು ಎಳೆದುಕೊಂಡು ಹೋದ. ಗೊಂತಾ ಮಾತ್ರ ಕತ್ತು ತಿರುಗಿಸಿ ತಿರುಗಿಸಿ ತೊಮಿಯೆಯನ್ನೇ ನೋಡುತ್ತಿತ್ತು. ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಆದರೆ ಹೇಸಿಗೆ ಪಡಲಿಕ್ಕೂ ಪುರುಸೊತ್ತಿರಲಿಲ್ಲ, ಹನ್ನೊಂದು ಗಂಟೆ ಹೊಡೆಯಿತು.

ಏಳು ನಾಯಿಗಳು ಅಂಕಣಕ್ಕಿಳಿದವು. ತೀರ್ಪುಗಾರರು ಅಓಮೊರಿಯಿಂದ ಬಂದ ಗಿಡ್ಡ ಹೆಂಗಸು, ನಗುವ ಪೈಕಿಯವರಲ್ಲ. ಹಲ್ಲು ಎಣಿಸಿದರು, ಕಾಲು ತಡವಿದರು, ನಡೆಸಿ ನೋಡಿದರು. ನಾಲ್ಕು ನಾಯಿಗಳು ಹೊರಹೋದವು. ತೈಗಾ ಉಳಿದ ಮೂರರಲ್ಲಿತ್ತು. ಇನ್ನುಳಿದದ್ದು ನಿಲ್ಲುವ ಪರೀಕ್ಷೆ. ಒಡೆಯ ಹಗ್ಗ ಸಡಿಲ ಬಿಟ್ಟು ಎದುರಿಗೆ ನಿಲ್ಲಬೇಕು. ಮುಟ್ಟುವಂತಿಲ್ಲ, ಕರೆಯುವಂತಿಲ್ಲ. ನಾಯಿ ತಾನಾಗಿ ನಾಲ್ಕೂ ಕಾಲೂರಿ, ಕತ್ತೆತ್ತಿ, ಉಸಿರು ಬಿಗಿಹಿಡಿದು ಬಂಡೆಯಾಗಬೇಕು. ಒಂದು ಸನ್ನೆಗೆ ಮಾತ್ರ ಅವಕಾಶ. ಒಬ್ಬೊಬ್ಬರ ಮನೆಗೂ ಒಂದೊಂದು ಸನ್ನೆ ಇರುತ್ತದೆ. ಒಬ್ಬರು ಚಿಟಿಕೆ ಹಾಕುತ್ತಾರೆ, ಒಬ್ಬರು ಕೆಮ್ಮುತ್ತಾರೆ. ತೊಮಿಯೆಯ ಮಾವ ನಾಲಗೆಯನ್ನು ಅಂಗುಳಕ್ಕೆ ಹಚ್ಚಿ ಎರಡು ಸಲ ಟೊಕ್ ಟೊಕ್ ಎನ್ನಿಸುತ್ತಿದ್ದ. ಅವನ ಮನೆಯ ನಾಯಿಗಳು ಆ ಸದ್ದಿಗಲ್ಲದೆ ಇನ್ನಾವುದಕ್ಕೂ ನಿಲ್ಲುವುದಿಲ್ಲ.

ಆಗ ಅವಳಿಗೆ ಹೊಳೆಯಿತು.

ಆ ಮೂರು ತಿಂಗಳು ದಿನಾ ಬೆಳಿಗ್ಗೆ ಅಂಗಳದಲ್ಲಿ ಮರಿಗಳನ್ನು ಸಾಲಾಗಿ ಬಿಟ್ಟು, ಬೇಯಿಸಿದ ಕೋಳಿ ಈಲಿಯ ಚೂರು ಕೈಯಲ್ಲಿ ಹಿಡಿದು ಟೊಕ್ ಟೊಕ್ ಕಲಿಸುತ್ತಿದ್ದಳು. ಉದ್ದಗೂದಲಿನದನ್ನು ಮಾತ್ರ ಬೇರೆ ಕಟ್ಟಿಹಾಕಲು ಮನಸ್ಸು ಬಂದಿರಲಿಲ್ಲ. ಪಾಪ, ಅದಕ್ಕೂ ಈಲಿ ಬೇಡವೇ? ಹಾಗೆ ನೋಡಿದರೆ ಎಲ್ಲಕ್ಕಿಂತ ಮೊದಲು ಕಲಿತದ್ದು ಅದೇ.

ತೀರ್ಪುಗಾರರ ಬೆನ್ನ ಹಿಂದೆ, ಹಗ್ಗದ ಆಚೆ, ಯಸೊಕಿಚಿ ಕಾಣುತ್ತಿದ್ದ. ಪಾಪದ ಮನುಷ್ಯ ಹೊರಟುಹೋಗಿರಲಿಲ್ಲ. ಅಷ್ಟಾದರೂ ತೈಗಾ ಗೆಲ್ಲುವುದನ್ನು ನೋಡಲು ನಿಂತಿದ್ದ.

ಎಡಗಡೆಯ ನಾಯಿ ನಿಂತಿತು. ನಡುವಿನದೂ ನಿಂತಿತು. ತೈಗಾ ಅವಳ ಮುಖ ನೋಡುತ್ತ ಕಾಯುತ್ತಿತ್ತು. ಬಾಲ ಸ್ವಲ್ಪ ಸಡಿಲವಾಯಿತು. ಅವಳು ಬಾಯಿ ತೆರೆದಳು. ನಾಲಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಸದ್ದು ಮಾಡಿದರೆ ಅಲ್ಲಿ ಅದು ನಿಲ್ಲುತ್ತದೆ. ಮಾಡದಿದ್ದರೆ ಇಲ್ಲಿ ಇದು ನಿಲ್ಲುವುದಿಲ್ಲ. ತೈಗಾ ಒಂದು ಮುಂಗಾಲು ಎತ್ತಿ ಇಟ್ಟಿತು. ಇದೇನಿದು, ಮರೆತೆಯಾ ಎಂದು ಕೇಳುವ ಹಾಗೆ ಕಿವಿ ಅಲುಗಿಸಿತು. ತೀರ್ಪುಗಾರರ ಪೆನ್ಸಿಲ್ಲು ಕಾಗದದ ಕಡೆ ಬಾಗಿತು. ಇಷ್ಟು ಜನರಲ್ಲಿ ಒಂದು ನಾಯಿಯನ್ನು ಯಾರು ನೋಡುತ್ತಾರೆ ಎಂದುಕೊಂಡಳು. ಕೂಡಲೇ, ಇಲ್ಲಿ ಬಂದವರೆಲ್ಲ ನಾಯಿಯನ್ನೇ ನೋಡುವವರು ಎಂದೂ ನೆನಪಾಯಿತು. ಉಗುಳು ನುಂಗಿದಳು.

ಟೊಕ್, ಟೊಕ್.

ತೈಗಾ ನಿಂತಿತು. ಎಲುಬು, ಎದೆ, ಬಾಲ, ಎಲ್ಲ ಮಾವ ಬಯಸಿದ ಹಾಗೇ. ಅವಳು ಆ ಕಡೆ ನೋಡಬಾರದೆಂದುಕೊಂಡಳು, ನೋಡಿದಳು.

ಜನ ಒಬ್ಬೊಬ್ಬರೇ ಪಕ್ಕಕ್ಕೆ ಸರಿಯುತ್ತಿದ್ದರು. ನಡುವೆ ಗೊಂತಾ ನಿಂತಿತ್ತು. ನಾಲ್ಕು ಕಾಲೂ ನೆಲಕ್ಕೆ ನೆಟ್ಟು, ಕತ್ತೆತ್ತಿ, ಕೆಂಪು ರಿಬ್ಬನ್ನಿನ ಸಮೇತ. ಯಸೊಕಿಚಿ ಗಾಬರಿಯಿಂದ ಹಗ್ಗ ಎಳೆಯುತ್ತಿದ್ದ, ಅದು ಅಲುಗಲಿಲ್ಲ. ಮೂರು ವರ್ಷದಿಂದ ಯಾರೂ ಮಾಡದ ಸದ್ದು ಅದಕ್ಕೆ ಮತ್ತೆ ಕೇಳಿಸಿತ್ತು. ಯಾರೋ ಕಿಸಕ್ಕೆಂದರು, ಆಮೇಲೆ ನಗು ತಾನಾಗಿ ನಿಂತಿತು. ಟೊಕ್ ಟೊಕ್ ಯಾರ ಮನೆಯದೆಂದು ಆ ಮೈದಾನದಲ್ಲಿ ಎಲ್ಲರಿಗೂ ಗೊತ್ತು.

ತೀರ್ಪುಗಾರರು ತಿರುಗಿ ನೋಡಿದರು. ಬಹಳ ಹೊತ್ತು ನೋಡಿದರು. "ಆ ನಾಯಿ ಯಾರದ್ದು?"

"ಇವ್ರದ್ದಲ್ಲ ತಾಯಿ!" ಯಸೊಕಿಚಿ ಆ ಕಡೆಯಿಂದ ಕೂಗಿದ. "ಎಲ್ಲೋ ಸಿಕ್ಕಿದ್ದು ಇದು! ಇವ್ರಿಗೂ ಇದಕ್ಕೂ ಸಂಬಂಧ ಇಲ್ಲ!"

ಅದನ್ನು ಕೇಳಿದ ಮೇಲೆ ಅವಳಿಂದ ತಡೆಯಲಾಗಲಿಲ್ಲ.

"ನಮ್ಮದು," ಎಂದಳು ತೊಮಿಯೆ. "ತೈಗಾನ ಜೊತೆ ಹುಟ್ಟಿದ್ದು. ಸತ್ತಿದೆ ಅಂತ ಬರೆದಿದ್ದೆ. ಸತ್ತಿಲ್ಲ."

ಇತಾಗಾಕಿಯವರ ಕೋಲು ಎಲ್ಲೋ ಬಿದ್ದ ಸದ್ದಾಯಿತು. ತೀರ್ಪುಗಾರರು ಕಾಗದದಲ್ಲಿ ಒಂದು ಗೆರೆ ಎಳೆದು, "ನಾಯೀನ ಹೊರಗೆ ಕರ್ಕೊಂಡು ಹೋಗಿ. ಉಳಿದದ್ದನ್ನ ಸಂಘ ಕೇಳುತ್ತೆ. ಅಧ್ಯಕ್ಷರನ್ನೂ ಕೇಳುತ್ತೆ," ಎಂದರು.

ತೊಮಿಯೆ ತೈಗಾನನ್ನು ನಡೆಸಿಕೊಂಡು ಅಂಕಣ ದಾಟಿದಳು. ಯಾರೂ ಮಾತಾಡಿಸಲಿಲ್ಲ. ನಿನ್ನೆಯವರೆಗೆ ತೈಗಾನ ಮರಿ ಬೇಕೆಂದು ಬೇಡಿಕೊಂಡಿದ್ದ ಓದಾತೆಯ ಹೆಂಗಸು ತನ್ನ ಹೆಣ್ಣುನಾಯಿಯನ್ನು ಪಕ್ಕಕ್ಕೆಳೆದುಕೊಂಡಳು. ಮಾವನ ಹೂಂ ನೆನಪಾಗಿ ತೊಮಿಯೆಗೆ ಅಳು ಬಂತು.

ಯಸೊಕಿಚಿ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದ. ಎರಡು ನಾಯಿಗಳೂ ಮೂಗಿಗೆ ಮೂಗು ತಾಗಿಸಿ ಮೂಸಿದವು.

"ಸತ್ತಿದೆ ಅಂತ ಬರ್ದಿದ್ರಾ?" ಅವನು ಕೇಳಿದ್ದು ಅಷ್ಟೇ.

ತೊಮಿಯೆ ಸೊಂಟ ಬಗ್ಗಿಸಿ, ತಲೆ ಎತ್ತದೆ ನಿಂತಳು. "ಬರ್ದಿದ್ದೆ."

ಅವನು ಗೊಂತಾನ ಉದ್ದ ಕಿವಿಗೂದಲನ್ನು ಬೆರಳಲ್ಲಿ ಬಿಡಿಸತೊಡಗಿದ.

"ಏಪ್ರಿಲ್ ಹನ್ನೊಂದು," ಎಂದಳು ಅವಳು, ಬಗ್ಗಿಕೊಂಡೇ. "ನೀವು ಕೇಳಿದ್ರಲ್ಲ. ನೆನಪಿತ್ತು ನಂಗೆ. ಬೆಳಿಗ್ಗೆ ಏಳೂಕಾಲಿಗೆ. ಎರಡನೇದಾಗಿ ಹುಟ್ಟಿದ್ದು."

"ತೈಗಾ?"

"ಮೂರನೇದು."

ಯಸೊಕಿಚಿ ಮೊಣಕಾಲೂರಿ ಕುಳಿತು, ಗೊಂತಾನ ಮುಖವನ್ನು ಎರಡೂ ಕೈಯಲ್ಲಿ ಹಿಡಿದ.

"ಕೇಳಿದ್ಯೇನೋ," ಎಂದ. "ನಾನು ಹೇಳ್ಲಿಲ್ವಾ, ನೀನೇ ಅಣ್ಣ."